ಐದನೆಯ ಸಾಲಿನಲ್ಲಿ ಬಂದ ಬೀಗರು

ಸೆವಿಯಾ ನಗರ ನನಗೆ ಅಂಗೈ ನೆಲ್ಲಿಕಾಯಿ ಎಂದು ಹೇಳಿಕೊಂಡು ಬರುವ ಪ್ರವಾಸಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಬಲು ಗೌರವ. ಏಕೆಂದರೆ ಇಲ್ಲೇ ಹುಟ್ಟಿ, ಇಲ್ಲೇ ಅರವತ್ತು ದಾಟಿದ ನಾನೇ ವರ್ಷಕ್ಕೆರಡು ಸಲ ನಮ್ಮ ಓಣಿಗಳಲ್ಲಿ ದಾರಿ ತಪ್ಪಿ ಅದೇ ಬಾವಿಕಟ್ಟೆಯ ಮುಂದೆ ಮೂರು ಸಲ ಹಾದುಹೋಗುತ್ತೇನೆ. ಡಾನ್, ಎಂದರೆ ಶ್ರೀಯುತ, ಬೆರ್ನಾಬೆ ಲೊಸಾನೋ ಅಂಥ ಗೌರವಾನ್ವಿತರಲ್ಲೊಬ್ಬರು. ಉತ್ತರದ ಚಳಿಯೂರು ಸೋರಿಯಾದವರು, ಭೂದಾಖಲೆ ಕಚೇರಿಯ ಗುಮಾಸ್ತರು. ಈ ಕಥೆ ನಡೆಯುವುದಕ್ಕೆ ನಲವತ್ತೊಂದು ವರ್ಷ ಮೊದಲು ಕಡ್ಡಾಯ ಸೈನ್ಯಸೇವೆಗೆಂದು ಬಂದು ಮೂರು ತಿಂಗಳು ಈ ಊರಿನಲ್ಲಿದ್ದರು. ಆ ಮೂರು ತಿಂಗಳೂ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದರು, ಎರಡು ಭಾನುವಾರ ಊರು ಸುತ್ತಿದರು. ಇಷ್ಟು ಸಾಕಾಯಿತು.

ಇದು ಎಲ್ಲರ ಕೈಗೂ ಫೋನು ಬರುವ ಮೊದಲಿನ ಮಾತು. ಸ್ವಾಮಿ ಶಿಲುಬೆಯೇರಿದ್ದನ್ನು ನೆನೆದು ಊರೆಲ್ಲ ಮೆರವಣಿಗೆ ನಡೆಯುವ ಪವಿತ್ರ ವಾರದ ಬುಧವಾರ, ಮಧ್ಯಾಹ್ನ. ನನ್ನ ತಂಗಿ ಸಲೂದ್ ನಡೆಸುವ ವಸತಿಗೃಹಕ್ಕೆ ಅವರು ಪೆಟ್ಟಿಗೆ ಎಳೆದುಕೊಂಡು ಬಂದರು. ನಾನು ಅಂಗಳದಲ್ಲಿ ಕೂತು ನನ್ನ ನೀರಿನ ಹೂಜಿ ತೊಳೆಯುತ್ತಿದ್ದೆ. ನನ್ನ ಹೆಸರು ಇಸಿದೋರೋ. ಇಪ್ಪತ್ತೆಂಟು ವರ್ಷ ನಮ್ಮ ಕೇರಿಯ ಸ್ವಾಮಿಯ ಪಲ್ಲಕ್ಕಿ ಹೊತ್ತವನು. ಮಂಡಿ ಕೈಕೊಟ್ಟ ಮೇಲೆ ಹೊರುವವರಿಗೆ ನೀರು ಕುಡಿಸುವ ಕೆಲಸ ನನ್ನದು.

“ಊರಿನ ನಕ್ಷೆ ಬೇಕಾ ಸ್ವಾಮಿ?” ಎಂದಳು ಸಲೂದ್.

“ನಕ್ಷೆನಾ? ನಂಗಾ?” ಡಾನ್ ಬೆರ್ನಾಬೆ ನನ್ನ ಕಡೆ ತಿರುಗಿ, ಅಯ್ಯೋ ಪಾಪ ಎನ್ನುವಂತೆ ನಕ್ಕರು. “ಅಮ್ಮಾ, ಈ ಊರಿನ ಒಂದೊಂದು ಕಲ್ಲಿಗೂ ನನ್ನ ಗುರುತಿದೆ.”

ಆಮೇಲೆ ಕಾಫಿ ಕುಡಿಯುತ್ತ ಅವರು ತಮ್ಮ ಕಷ್ಟ ಹೇಳಿಕೊಂಡರು. ಅವರ ಒಬ್ಬಳೇ ಮಗಳು ಎರ್ಮಿನಿಯಾ ನಮ್ಮೂರಿನ ಗಾಸ್ಪರ್ ಎಂಬ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗನ ಮನೆಯವರು ಶಾಸ್ತ್ರೋಕ್ತವಾಗಿ ಹೆಣ್ಣು ಕೇಳಬೇಕು, ಹುಡುಗಿಯ ಅಪ್ಪ ಎದುರಿಗಿದ್ದು ಕೊಟ್ಟೆ ಎನ್ನಬೇಕು. ಈ ಅಪ್ಪ ಈಗಾಗಲೇ ಎರಡು ಸಲ ಕೈಕೊಟ್ಟಿದ್ದರು. ಮೊದಲ ಸಲ ಹಿಮ ಬಿದ್ದು ರೈಲೇ ಹೊರಡಲಿಲ್ಲ. ಎರಡನೆಯ ಸಲ ಮ್ಯಾಡ್ರಿಡ್‌ನಲ್ಲಿ ಬೇರೆ ರೈಲು ಹತ್ತಿ ನಿದ್ದೆ ಹೋದವರು ಕಣ್ಣು ಬಿಟ್ಟಾಗ ಎದುರಿಗೆ ಸಮುದ್ರವಿತ್ತು. ತಪ್ಪೊಪ್ಪಿಗೆಗೆಂದು ಅಲ್ಲಿಂದಲೇ ಬೀಗರಿಗೆ ಒಂದು ಪೆಟ್ಟಿಗೆ ಸೀಗಡಿ ಕಳಿಸಿದರು. ಅದು ಮೂರು ದಿನ ಬಿಟ್ಟು ತಲುಪಿತು. ಪೆಟ್ಟಿಗೆ ಬಾಗಿಲಿಗೆ ಬರುವ ಮೊದಲೇ ಬೀಗರ ಮೂಗಿಗೆ ವಿಷಯ ಗೊತ್ತಾಗಿತ್ತಂತೆ.

ಆ ಮನೆಯಲ್ಲಿ ನಡೆಯುವುದು ಹುಡುಗನ ಅಜ್ಜಿ ಡೋನ್ಯಾ ಅಂಗುಸ್ತಿಯಾಸ್ ಮಾತು. ಆಕೆ ಹೇಳಿಬಿಟ್ಟಿದ್ದರು: “ಬುಧವಾರ ಸಂಜೆ ಆರಕ್ಕೆ ಆ ಮನುಷ್ಯ ನನ್ನ ಮನೇಲಿ ಇರಬೇಕು. ಮೂರನೇ ಸಲಾನೂ ಬರ್ಲಿಲ್ಲ ಅಂದ್ರೆ ಅವರಿಗೆ ಈ ಸಂಬಂಧ ಬೇಡ ಅಂತಲೇ ಅರ್ಥ. ಹುಡುಗೀನ ಊರಿಗೆ ರೈಲು ಹತ್ತಿಸಿ.”

ಹೆಂಡತಿ ವಿಸಿತಾ ಮಗಳ ಜೊತೆ ಮೂರು ದಿನ ಮೊದಲೇ ಬಂದು ಬೀಗರ ಮನೆಯಲ್ಲಿದ್ದಳು. ಅಲ್ಲಿಂದ ಗಂಡನ ಕಚೇರಿಗೆ ಹನ್ನೊಂದು ಸಲ ಫೋನು ಮಾಡಿ ಇದನ್ನೇ ಒಪ್ಪಿಸಿದ್ದಳು. ಹನ್ನೊಂದನೆಯ ಸಲ ಇವರು ರೇಗಿ, “ಈ ಸಲ ತಲೆ ಮೇಲೆ ನಡ್ಕೊಂಡಾದ್ರೂ ಬರ್ತೀನಿ, ಸಾಕಾ?” ಎಂದಿದ್ದರಂತೆ.

“ಮನೆ ಎಲ್ಲಿ?” ಎಂದೆ.

“ದಾಳಿಂಬೆ ಬೀದಿ, ಒಂಬತ್ತನೇ ನಂಬರು. ಹತ್ತು ನಿಮಿಷದ ದಾರಿ.”

“ಬೇರೆ ದಿನ ಆದ್ರೆ ಹತ್ತು ನಿಮಿಷ. ಇವತ್ತು ಊರಿನ ತುಂಬ ಮೆರವಣಿಗೆ. ಈಗಲೇ ಹೊರಡಿ.”

ಹೊರಟರು. ನಮ್ಮ ಮೆಟ್ಟಿಲಿನ ಮೇಲೆ ಒಂದು ತಗ್ಗಾದ ತೊಲೆಯಿದೆ. ಹತ್ತಿಳಿಯುವವರೆಲ್ಲ ಅದಕ್ಕೆ ತಲೆಬಾಗುತ್ತಾರೆ. ಈ ಊರಿನ ಕಲ್ಲಿಗೆಲ್ಲ ಅವರ ಗುರುತಿತ್ತೇನೋ, ತೊಲೆಗೆ ಇರಲಿಲ್ಲ. ಧಡ್ ಎಂದ ಸದ್ದಿಗೆ ಅಂಗಳದ ಬೆಕ್ಕು ಎದ್ದು ಓಡಿತು. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟೆ ಎದ್ದಿತು. ಸಲೂದ್ ಅಡುಗೆಮನೆಯ ದೊಡ್ಡ ಬಿಳಿ ಟವೆಲ್ಲನ್ನು ತಣ್ಣೀರಿನಲ್ಲಿ ಅದ್ದಿ, ದಪ್ಪಗೆ ಸುರುಳಿ ಸುತ್ತಿ ತಲೆಗೆ ಬಿಗಿದಳು. ತಲೆ ಸುತ್ತುತ್ತಿದ್ದ ಅವರು ಎದ್ದು ನಿಲ್ಲಲು ಹೋಗಿ ನೆಲ ಒರೆಸುವ ಬಕೆಟ್ಟಿನೊಳಗೆ ಎರಡೂ ಕಾಲಿಟ್ಟರು. ಬೂಟು ಹೋಯಿತು. ಪ್ಯಾಂಟನ್ನು ಮೊಣಕಾಲ ಕೆಳಗಿನವರೆಗೆ ಮಡಿಸಿದ್ದಾಯಿತು. ನಾನು ನನ್ನ ಹಳೆಯ ಬಿಳಿ ಕ್ಯಾನ್ವಾಸ್ ಬೂಟು ಕೊಟ್ಟೆ. ಸೊಂಟನೋವಿಗೆಂದು ಹೆಂಡತಿಯ ಅಪ್ಪಣೆಯಂತೆ ಅಂಗಿಯ ಮೇಲೆ ಅಗಲವಾದ ಕರಿಯ ಉಣ್ಣೆಯ ಪಟ್ಟಿಯನ್ನು ಅವರು ಮೊದಲೇ ಸುತ್ತಿಕೊಂಡಿದ್ದರು.

ನಾನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದೆ. ತಲೆಯ ಮೇಲೆ ದಪ್ಪ ಬಟ್ಟೆಯ ಸುರುಳಿ, ಸೊಂಟಕ್ಕೆ ಅಗಲದ ಪಟ್ಟಿ, ಮಡಿಸಿದ ಪ್ಯಾಂಟು, ಕ್ಯಾನ್ವಾಸ್ ಬೂಟು. ಪವಿತ್ರ ವಾರದಲ್ಲಿ ಸೆವಿಯಾದ ಯಾವ ಮಗುವನ್ನು ಕೇಳಿದರೂ ಇದು ಯಾರ ವೇಷ ಎಂದು ಹೇಳುತ್ತದೆ. ಪಲ್ಲಕ್ಕಿ ಹೊರುವವನದು. ಹೇಳಬೇಕಾಗಿತ್ತು, ಹೇಳಲಿಲ್ಲ. ನಗು ತಡೆಯುವುದರಲ್ಲೇ ನನಗೆ ಪುರುಸೊತ್ತಿರಲಿಲ್ಲ.

ಮುಂದಿನ ಎರಡು ಗಂಟೆಯ ಸಂಗತಿ ನಾನು ಕಂಡದ್ದಲ್ಲ, ಆಮೇಲೆ ಕೇರಿಯಲ್ಲಿ ವಿಚಾರಿಸಿ ಕೂಡಿಸಿಕೊಂಡದ್ದು. ನಮ್ಮೂರಿನಲ್ಲಿ ಸಾಕ್ಷಿಗಳಿಗೆ ಬರವಿಲ್ಲ. ನೋಡದವರು ಹೆಚ್ಚು ವಿವರವಾಗಿ ಹೇಳುತ್ತಾರೆ.

ಮೂಲೆಯ ಹೋಟೆಲಿನವನು ಇವರನ್ನು ಕಂಡವನೇ ಗಲ್ಲಾ ಬಿಟ್ಟು ಹೊರಗೆ ಬಂದ.

“ಬನ್ನಿ ಬನ್ನಿ! ಒಂದು ತುತ್ತು ತಿನ್ನದೆ ಹೋಗ್ಬಾರ್ದು.”

ಡಾನ್ ಬೆರ್ನಾಬೆ ನಿಂತರು. “ನನ್ನ ಗುರುತು ಸಿಕ್ತಾ?”

“ಸಿಗದೆ ಇರುತ್ತಾ ಸ್ವಾಮಿ? ಆ ತುದೀಲಿ ಬರುವಾಗ್ಲೇ ಗೊತ್ತಾಯ್ತು. ನಿಮ್ಮಂಥೋರು ಇಲ್ದಿದ್ರೆ ಈ ಊರಿಗೆ ಮರ್ಯಾದೆ ಎಲ್ಲಿದೆ?”

“ಛೆ ಛೆ, ನಾನೇನು ಮಾಡಿದೀನಿ? ಮೂರು ತಿಂಗಳು ಆಲೂಗಡ್ಡೆ ಸುಲಿದಿದ್ದೆ, ಅಷ್ಟೇ.”

“ನೋಡಿ, ನೋಡಿ, ದೊಡ್ಡೋರ ವಿನಯ ನೋಡಿ!” ಎಂದು ಹೋಟೆಲಿನವನು ಉಳಿದ ಗಿರಾಕಿಗಳಿಗೆ ಬೈಯುವಂತೆ ಹೇಳಿ, ಮೊಟ್ಟೆ ಪಲ್ಯ ತುಂಬಿದ ಬನ್ನನ್ನು ಅವರ ಕೈಗೆ ತುರುಕಿದ.

ಡಾನ್ ಬೆರ್ನಾಬೆಯ ಕಣ್ಣು ತೇವವಾಯಿತಂತೆ. ನಲವತ್ತೊಂದು ವರ್ಷವಾದರೂ ಒಂದು ಊರು ತನ್ನ ಸೈನಿಕನನ್ನು ಮರೆತಿಲ್ಲವಲ್ಲ!

ಮುಂದೆ ಪೊಲೀಸರ ಅಡ್ಡಗಟ್ಟೆ. ಅಲ್ಲಿ ಮುನ್ನೂರು ಜನ ನಿಂತಿದ್ದರು. ಆಚೆ ಬದಿಯ ಮನೆ ತನ್ನದೇ ಎಂದು ಬೀಗದಕೈ ತೋರಿಸುತ್ತಿದ್ದವನನ್ನೂ ಪೊಲೀಸು ಬಿಟ್ಟಿರಲಿಲ್ಲ. ಇವರ ಟವೆಲ್ಲು ಕಂಡದ್ದೇ ತಡ, ಪೊಲೀಸಿನವನೇ ಅಡ್ಡಗಟ್ಟೆ ಸರಿಸಿದ.

“ಅಯ್ಯೋ, ಇನ್ನೂ ಇಲ್ಲೇ ಇದೀರಾ? ಓಡಿ ಓಡಿ! ನಿಮಗೋಸ್ಕರ ಕಾಯ್ತಿದಾರೆ!”

“ಕಾಯ್ತಿದಾರೆ ಅಂತ ನಿಮಗೂ ಗೊತ್ತಾ?”

“ನನಗೇನು, ಇಡೀ ಊರಿಗೇ ಗೊತ್ತು!”

ಮಗಳ ನಿಶ್ಚಿತಾರ್ಥದ ಸುದ್ದಿ ಪೊಲೀಸರವರೆಗೂ ಮುಟ್ಟಿದ್ದು ಹೇಗೆ ಎಂದು ಡಾನ್ ಬೆರ್ನಾಬೆ ಕ್ಷಣ ಯೋಚಿಸಿದರು. ವಿಸಿತಾ ಮೂರು ದಿನದಿಂದ ಇಲ್ಲೇ ಇದ್ದಾಳೆಂಬುದು ನೆನಪಾಗಿ ಸಮಾಧಾನವಾಯಿತು.

ಅಡ್ಡಗಟ್ಟೆಯ ಆಚೆ ಹೆಂಗಸರು ಸುತ್ತಿಕೊಂಡರು. ಹೊರುವವರ ಸೊಂಟಪಟ್ಟಿಯಲ್ಲಿ ಹರಕೆಯ ಚೀಟಿ ಸಿಕ್ಕಿಸಿ, ಸ್ವಾಮಿಯ ಜೊತೆ ಚರ್ಚಿನವರೆಗೆ ಕಳಿಸುವುದು ನಮ್ಮ ಕೇರಿಯ ವಾಡಿಕೆ. ಒಬ್ಬ ಮುದುಕಿ ತನ್ನ ಎಡಮಂಡಿಯ ವಿಷಯ ಬರೆದುಕೊಟ್ಟಳು. ಇನ್ನೊಬ್ಬಳು ಪರೀಕ್ಷೆಯಲ್ಲಿ ಮೂರು ಸಲ ಕೂತ ಮಗನ ನಂಬರು ಬರೆದುಕೊಟ್ಟಳು. ಮೂರನೆಯವಳ ಗಿಣಿ ಹಾರಿಹೋಗಿತ್ತು.

“ಚರ್ಚು ಮುಟ್ಟೋವರೆಗೂ ತೆಗೀಬಾರ್ದು, ಆಯ್ತಾ ಅಣ್ಣಾ?” ಎಂದಳು ಗಿಣಿಯವಳು.

“ನಾನು ದಾಳಿಂಬೆ ಬೀದಿಗೆ ಹೋಗ್ತಿದೀನಿ ತಾಯಿ.”

“ಅದೇ ದಾರಿ ತಾನೇ? ಹೋಗಿ ಹೋಗಿ!”

ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿದ ಕೈ ಅರ್ಜಿ ಬೇಡ ಎನ್ನಲಾರದು. ಬಂದ ಕ್ರಮದಲ್ಲಿ ಜೋಡಿಸಿ ಪಟ್ಟಿಗೆ ಸಿಕ್ಕಿಸಿಕೊಂಡರು. ದಾಳಿಂಬೆ ಬೀದಿ ಎಲ್ಲಿ ಎಂದು ಯಾರನ್ನು ಕೇಳಿದರೂ ಎಲ್ಲರೂ ಒಂದೇ ಕಡೆ ಕೈ ತೋರಿಸಿ, ಒಂದಿಷ್ಟು ಮುಂದಕ್ಕೆ ನೂಕಿದರು. ಹಾಗೆ ನೂಕಿಸಿಕೊಂಡು ನೂಕಿಸಿಕೊಂಡು ಅವರು ಬಂದು ನಿಂತದ್ದು ಚೌಕದಲ್ಲಿ ಇಳಿಸಿದ್ದ ನಮ್ಮ ಪಲ್ಲಕ್ಕಿಯ ಮುಂದೆ.

ನಮ್ಮ ಪಲ್ಲಕ್ಕಿಗೆ ಹೊರಗಿನಿಂದ ಯಾರೂ ಹೆಗಲು ಕೊಡುವುದಿಲ್ಲ. ಮೂವತ್ತೈದು ಜನ ಏಳು ಸಾಲಾಗಿ ಅದರ ಅಡಿಗೆ ನುಗ್ಗಿ, ಬಟ್ಟೆಯ ಸುರುಳಿಯನ್ನು ಕತ್ತಿನ ಮೇಲೆ ಕೂರಿಸಿಕೊಂಡು ಹೊರುತ್ತಾರೆ. ಸುತ್ತಲೂ ಮಖಮಲ್ಲಿನ ಪರದೆ. ಹೊರಗಿನವರಿಗೆ ಕಾಣುವುದು ಮೇಲೆ ಶಿಲುಬೆ ಹೊತ್ತ ಸ್ವಾಮಿ, ಕೆಳಗೆ ಎಪ್ಪತ್ತು ಬೂಟುಗಳು. ಒಳಗಿನವರಿಗೆ ಏನೂ ಕಾಣದು. ಮುಂದೆ ನಡೆಯುವ ಮೇಸ್ತ್ರಿಯ ಕೂಗೇ ಅವರಿಗೆ ಕಣ್ಣು.

ಆ ಹೊತ್ತಿಗೆ ಐದನೆಯ ಸಾಲಿನ ಎಡತುದಿಯ ಸೆರಾಫಿನ್ ಹೊರಡುವ ಮುಂಚೆ ಎರಡು ತಟ್ಟೆ ಕಡಲೆಕಾಳು ಪಾಲಕ್ ತಿಂದು, ಈಗ ಹೊಟ್ಟೆ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಉರುಳಾಡುತ್ತಿದ್ದ. ಮೇಸ್ತ್ರಿ ಡಾನ್ ರಾಮಿರೋ ಅವರ ಮೀಸೆ ಕುಣಿಯುತ್ತಿತ್ತು. ಆ ಜಾಗಕ್ಕೆ ಅಷ್ಟೇ ಎತ್ತರದ ಆಳು ಬೇಕು. ಬೆರಳಗಲ ಗಿಡ್ಡನಾದರೂ ಪಲ್ಲಕ್ಕಿ ವಾಲುತ್ತದೆ. ನದಿಯಾಚೆಯ ಕೇರಿಯವರು ಒಬ್ಬನನ್ನು ಕಳಿಸುತ್ತೇವೆ ಎಂದು ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಟವೆಲ್ಲು ಸುತ್ತಿದ ತಲೆಯೊಂದು ಗುಂಪಿನಿಂದ ಹೊರಬಿತ್ತು. ಡಾನ್ ರಾಮಿರೋ ಮಾತಿಲ್ಲದೆ ಹೋಗಿ ಅವರ ಕತ್ತಿನ ಎತ್ತರಕ್ಕೆ ಅಂಗೈ ಹಿಡಿದು ನೋಡಿದರು. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

“ಎಲ್ಲಿಂದ ಬಂದ್ರಿ?”

“ಸೋರಿಯಾದಿಂದ.”

“ಅಷ್ಟು ದೂರದಿಂದ! ಸೆವಿಯಾ ಹೊಸದಾ ನಿಮಗೆ?”

“ಹೊಸದಾ? ನಲವತ್ತೊಂದು ವರ್ಷ ಆಯ್ತು ನಾನು ಇಲ್ಲಿ ಬೆನ್ನು ಬಗ್ಗಿಸೋಕೆ ಶುರು ಮಾಡಿ.”

ಡಾನ್ ರಾಮಿರೋ ಪರದೆ ಎತ್ತಿ ಒಳಗಿನವರಿಗೆ ಗುಡುಗಿದರು. “ಕೇಳಿಸ್ಕೊಳ್ರೋ ಕತ್ತೆಗಳಾ! ನಲವತ್ತೊಂದು ವರ್ಷದ ಅನುಭವ! ನೀವೂ ಇದೀರಿ, ಕಡಲೆಕಾಳು ತಿಂದು ಮಲಗೋರು!”

ಆಗ ನಾನು ಹೂಜಿ ಹಿಡಿದು ಬಂದೆ. ಹೂಜಿ ಕೈಯಿಂದ ಬೀಳದೇ ಇದ್ದದ್ದು ಸ್ವಾಮಿಯ ಕೃಪೆ. ಅವರನ್ನು ಪಕ್ಕಕ್ಕೆ ಎಳೆದೆ.

“ಇಲ್ಲೇನು ಮಾಡ್ತಿದೀರಿ ಡಾನ್ ಬೆರ್ನಾಬೆ?”

“ಇಸಿದೋರೋ! ಈ ಊರು ನನ್ನ ಮರೆತಿಲ್ಲ ಕಣ್ರೀ. ಊಟ ಕೊಟ್ರು, ದಾರಿ ಬಿಟ್ರು, ಒಬ್ಬೊಬ್ರೂ ಬೆನ್ನು ತಟ್ಟಿದ್ರು!”

ಹೇಳದೆ ವಿಧಿಯಿರಲಿಲ್ಲ. ಟವೆಲ್ಲು, ಪಟ್ಟಿ, ಪ್ಯಾಂಟು, ಬೂಟು, ಒಂದೊಂದನ್ನೂ ಬೆರಳಿಟ್ಟು ತೋರಿಸಿ ಹೇಳಿದೆ. ಮಧ್ಯಾಹ್ನ ನಾನು ನಗು ನುಂಗಿದ್ದನ್ನೂ ಒಪ್ಪಿಕೊಂಡೆ. ಅವರ ಮುಖ ಇಳಿದುಹೋಯಿತು.

“ಹಾಗಾದ್ರೆ ಯಾರಿಗೂ ನನ್ನ ಗುರುತಿಲ್ಲ.”

“ಟವೆಲ್ಲಿನ ಗುರುತಿದೆ.”

ನನಗೆ ನಿಜವಾಗಿ ನಾಚಿಕೆಯಾಯಿತು. ಅವರು ಗಡಿಯಾರ ನೋಡಿಕೊಂಡರು. ಐದೂಕಾಲು.

“ದಾಳಿಂಬೆ ಬೀದಿ ಇಲ್ಲಿಂದ ಎಷ್ಟು ದೂರ?”

“ನಾನೂರು ಹೆಜ್ಜೆ. ಆದ್ರೆ ಜನ ನೋಡಿ. ಇರುವೆಗೂ ಜಾಗ ಇಲ್ಲ. ಈ ರಾತ್ರಿ ಪೂರ್ತಿ ನಿಂತ್ರೂ ಆಚೆ ದಾಟೋಕಾಗಲ್ಲ.”

“ಹಾಗಾದ್ರೆ ಹೋಗೋದು ಹೇಗೆ?”

ನಾನು ಪಲ್ಲಕ್ಕಿಯ ಕಡೆ ನೋಡಿದೆ. “ಆರು ಗಂಟೆಗೆ ಒಂಬತ್ತನೇ ನಂಬರಿನ ಮುಂದೆ ನಿಲ್ಲೋದು ಇದೊಂದೇ. ಆದ್ರೆ ದಾರಿ ಇರೋದು ಅದರ ಕೆಳಗೆ.”

ಅವರು ಪರದೆ ನೋಡಿದರು, ತಮ್ಮ ಸೊಂಟ ಮುಟ್ಟಿಕೊಂಡರು, ಮತ್ತೆ ಪರದೆ ನೋಡಿದರು.

“ವಿಸಿತಾಗೆ ಹೇಳಿಬಿಟ್ಟಿದೀನಿ ಇಸಿದೋರೋ, ತಲೆ ಮೇಲೆ ನಡ್ಕೊಂಡಾದ್ರೂ ಬರ್ತೀನಿ ಅಂತ.”

ಕನ್ನಡಕ ತೆಗೆದು ನನ್ನ ಕೈಗಿಟ್ಟು, ಬಗ್ಗಿ ಒಳಗೆ ನುಗ್ಗಿಬಿಟ್ಟರು. ಆ ಕ್ಷಣ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕಿತು. ಪರದೆಯೊಳಗೆ ತಲೆ ಹಾಕಿ, ಅವರ ಪಕ್ಕದಲ್ಲಿದ್ದ ಬ್ರೆಡ್ ಬೇಯಿಸುವವನಿಗೆ ಪಿಸುಗುಟ್ಟಿದೆ. “ಹೊಸಬರು. ಮಗಳ ನಿಶ್ಚಿತಾರ್ಥಕ್ಕೆ ಹೊರಟಿದಾರೆ. ಭಾರ ಅವರ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ.”

“ನಾವಿದೀವಿ ಬಿಡು ಮಾವ,” ಎಂದ ಅವನು. ಮೇಸ್ತ್ರಿಗೆ ಮಾತ್ರ ಹೇಳಲಿಲ್ಲ. ಅವರಿಗೆ ರಕ್ತದೊತ್ತಡವಿದೆ.

ಡಾನ್ ರಾಮಿರೋ ಬೆಳ್ಳಿಯ ಸುತ್ತಿಗೆಯಿಂದ ಬಡಿದರು. ಪಲ್ಲಕ್ಕಿ ಒಮ್ಮೆಲೇ ಮೇಲೆದ್ದಿತು. ಐದನೆಯ ಸಾಲಿನಿಂದ “ಅಮ್ಮಾ!” ಎಂದು ಕೇಳಿತು. ಮೂವತ್ತನಾಲ್ಕು ಜನ ಬಲಗಾಲು ಮುಂದಿಟ್ಟರು, ಒಬ್ಬರು ಎಡಗಾಲಿಟ್ಟರು. ಆಮೇಲೆ ತಿದ್ದಿಕೊಳ್ಳಲು ಪುಟ್ಟ ಕುಪ್ಪಳ. ಹೀಗೆ ಪ್ರತಿ ಐದು ಹೆಜ್ಜೆಗೊಮ್ಮೆ ಪಲ್ಲಕ್ಕಿ ನವಿರಾಗಿ ಕುಲುಕುತ್ತ ನಡೆಯಿತು. ಮೇಸ್ತ್ರಿಯ ಕತ್ತಿನ ನರ ಉಬ್ಬಿತು.

ಅಷ್ಟರಲ್ಲಿ ಬೀದಿಬದಿಯ ಕುರ್ಚಿಯಲ್ಲಿದ್ದ ಇಬ್ಬರು ಮುದುಕರು ಎದ್ದು ನಿಂತರು. ಇಂಥ ಮುದುಕರ ಬಾಯಿಗೆ ಇಡೀ ಊರು ಹೆದರುತ್ತದೆ.

“ನೋಡಿದ್ಯೇನೋ ಆ ಕುಲುಕು? ನಮ್ಮಪ್ಪನ ಕಾಲದ ನಡಿಗೆ ಕಣೋ!”

“ಸತ್ತೇ ಹೋಯ್ತು ಅಂದ್ಕೊಂಡಿದ್ದೆ ಈ ವಿದ್ಯೆ! ಶಭಾಷ್ ರಾಮಿರೋ!”

ಬೀದಿಯೆಲ್ಲ ಚಪ್ಪಾಳೆ. ಬೈಯಲು ಬಾಯಿ ತೆರೆದಿದ್ದ ಡಾನ್ ರಾಮಿರೋ ಬಾಯಿ ಮುಚ್ಚಿ, ಟೈ ಸರಿಮಾಡಿಕೊಂಡು, ಇದೆಲ್ಲ ತಾನೇ ಮೂರು ತಿಂಗಳು ಕಲಿಸಿದ್ದು ಎಂಬಂತೆ ತಲೆಯಾಡಿಸಿದರು.

ಪರದೆಯ ಒಳಗಿನಿಂದ ಮಾತ್ರ ಮೂಲೆ ಬಂದಾಗಲೆಲ್ಲ ಕೂಗು. “ಇಲ್ಲಿ ಎಡಕ್ಕೆ! ನಂಗೊತ್ತು! ಎಡಕ್ಕೆ ಹೋದ್ರೆ ಸೀದಾ!”

“ಸುಮ್ನಿರಿ ಮಾವ,” ಎನ್ನುತ್ತಿದ್ದ ಬ್ರೆಡ್‌ನವನು. “ಎಡಕ್ಕೆ ಗೋಡೆ ಇದೆ.”

ದಾಳಿಂಬೆ ಬೀದಿ. ಒಂಬತ್ತನೆಯ ನಂಬರಿನ ಬಾಲ್ಕನಿಯಲ್ಲಿ ಹನ್ನೊಂದು ಜನ ನೆಂಟರು, ನಡುವೆ ಕರಿಯ ಉಡುಪಿನಲ್ಲಿ ಡೋನ್ಯಾ ಅಂಗುಸ್ತಿಯಾಸ್. ಅವರ ಗಂಡ ಲೆಆಂದ್ರೋ ಮೂವತ್ತು ವರ್ಷ ಇದೇ ಪಲ್ಲಕ್ಕಿಯ ಐದನೆಯ ಸಾಲಿನ ಎಡತುದಿಯಲ್ಲಿ ಹೊತ್ತವರು. ಅವರು ತೀರಿಕೊಂಡ ಮೇಲೂ ಪ್ರತಿ ವರ್ಷ ಪಲ್ಲಕ್ಕಿ ಆ ಮನೆಯ ಮುಂದೆ ಇಳಿಯುತ್ತದೆ. ಎಲ್ಲರೂ ಸ್ವಾಮಿಯ ಮುಖ ನೋಡಿದರೆ ಆಕೆ ಮಾತ್ರ ಆ ಜಾಗದ ಬೂಟು ನೋಡುತ್ತಾರೆ. ಹೂಜಿ ಹಿಡಿದಂದಿನಿಂದ ನಾನು ಗಮನಿಸಿದ್ದೇನೆ.

“ಇದ್ಯಾರು ನನ್ನ ಲೆಆಂದ್ರೋ ಜಾಗದಲ್ಲಿ?” ಎಂದರು ಆಕೆ, ಬೀದಿಗೆಲ್ಲ ಕೇಳುವಂತೆ. “ಬಾತುಕೋಳಿ ತರ ಕಾಲು ಹಾಕ್ತಿದಾನಲ್ಲ!”

ಪಲ್ಲಕ್ಕಿ ಇಳಿಯಿತು. ಚರ್ಚಿನ ಗಂಟೆ ಆರು ಹೊಡೆಯಿತು. ಡೋನ್ಯಾ ಅಂಗುಸ್ತಿಯಾಸ್ ವಿಸಿತಾಳತ್ತ ತಿರುಗಿದರು.

“ಆರಾಯ್ತು ವಿಸಿತಾ. ಎಲ್ಲಿ ನಿಮ್ಮ ಯಜಮಾನ್ರು?”

“ಬರ್ತಾರೆ ಅಮ್ಮಾ,” ಎಂದಳು ವಿಸಿತಾ. ಪಕ್ಕದಲ್ಲಿ ಎರ್ಮಿನಿಯಾಳ ಕಣ್ಣುಗಳು ಅತ್ತು ಕೆಂಪಾಗಿದ್ದವು.

“ಎಲ್ಲಿಂದ ಬರ್ತಾರೆ? ಈ ಜನದಲ್ಲಿ ಆಕಾಶದಿಂದ ಇಳೀತಾರಾ?”

ಆಗ ಸ್ವಾಮಿಯ ಪಾದದ ಅಡಿಯಿಂದ, ಮಖಮಲ್ಲಿನ ಪರದೆಯ ಹಿಂದಿನಿಂದ ಒಂದು ಧ್ವನಿ ಬಂತು.

“ವಿಸಿತಾ! ನಾನು ಬಂದಿದೀನಿ! ಆರಕ್ಕೇ ಬಂದಿದೀನಿ!”

ಗುಂಪಿನಲ್ಲಿದ್ದ ಗಿಣಿಯ ಹೆಂಗಸು ಧೊಪ್ಪನೆ ಮಂಡಿಯೂರಿದಳು. ಡಾನ್ ರಾಮಿರೋ ಸುತ್ತಿಗೆ ಎತ್ತಿದ ಕೈ ಎತ್ತಿದಂತೆಯೇ ನಿಂತರು. ಅವರ ಇಪ್ಪತ್ತೆರಡು ವರ್ಷದ ಮೇಸ್ತ್ರಿಕೆಯಲ್ಲಿ ಪಲ್ಲಕ್ಕಿ ಹೆಂಡತಿಯನ್ನು ಕರೆದದ್ದು ಇದೇ ಮೊದಲು.

“ರೀ! ಎಲ್ಲಿದೀರಿ?” ವಿಸಿತಾ ಕಟಾಂಜನದ ಮೇಲೆ ಬಗ್ಗಿದಳು.

“ಕೆಳಗೆ!”

“ಯಾವುದರ ಕೆಳಗೆ?”

“ದೇವರ ಕೆಳಗೆ ಕಣೇ!”

ನಾನು ಪರದೆ ಎತ್ತಿದೆ. ಟೊಮೆಟೋ ಹಣ್ಣಿನಂತಾದ ಮುಖವೊಂದು ಟವೆಲ್ಲಿನ ಸಮೇತ ಹೊರಗೆ ಬಂತು. ಕನ್ನಡಕ ನನ್ನ ಜೇಬಿನಲ್ಲಿತ್ತು. ಅವರು ಎದುರುಸಾಲಿನ ಬಾಲ್ಕನಿಗೆ ಕೈಮುಗಿದು, “ಡೋನ್ಯಾ ಅಂಗುಸ್ತಿಯಾಸ್, ಹಿಂದಿನ ಸೀಗಡಿ ವಿಷಯ ಮನಸ್ಸಿಗೆ ತಗೋಬೇಡಿ,” ಎಂದರು. ಅಲ್ಲಿ ನಿಂತಿದ್ದ ಔಷಧದಂಗಡಿಯವರ ಸಂಸಾರ ತಬ್ಬಿಬ್ಬಾಗಿ ಕೈಬೀಸಿತು. ನಾನು ಎರಡೂ ಕೈಯಿಂದ ಅವರ ತಲೆ ಹಿಡಿದು ಈ ಕಡೆ ತಿರುಗಿಸಿದೆ.

ಬಾಲ್ಕನಿಗೆ ಕೇಳುವಂತೆ ನಡೆದದ್ದೆಲ್ಲ ಕೂಗಿ ಹೇಳಿದೆ. ತೊಲೆಯಿಂದ ಹಿಡಿದು ನನ್ನ ನಗುವಿನವರೆಗೆ. ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಡೋನ್ಯಾ ಅಂಗುಸ್ತಿಯಾಸ್ ಬಹಳ ಹೊತ್ತು ಆ ಬೂಟುಗಳನ್ನೇ ನೋಡಿದರು.

“ಅಷ್ಟು ಭಾರದ ಅಡಿಗೆ ನುಗ್ಗಿ ಬಂದ್ರಾ?”

“ಬೇರೆ ದಾರಿ ಇರ್ಲಿಲ್ಲ ಅಮ್ಮಾ.”

“ಇತ್ತು. ವಾಪಸ್ ಹೋಗ್ಬಹುದಿತ್ತು.”

ಡಾನ್ ಬೆರ್ನಾಬೆ ಪಿಳಿಪಿಳಿ ಕಣ್ಣು ಬಿಟ್ಟರು. “ಅದು ನಂಗೆ ಹೊಳೀಲೇ ಇಲ್ಲ.”

ಮುದುಕಿ ಕೋಲೂರಿ ಎದ್ದು ನಿಂತರು. ಹನ್ನೊಂದು ನೆಂಟರೂ ಎದ್ದರು.

“ಡಾನ್ ಬೆರ್ನಾಬೆ ಲೊಸಾನೋ ಅವರೇ, ನನ್ನ ಮೊಮ್ಮಗ ಗಾಸ್ಪರ್‌ಗೆ ನಿಮ್ಮ ಮಗಳನ್ನ ಕೊಡ್ತೀರಾ?”

ಈ ಗಳಿಗೆಗೆಂದು ಅವರು ನಾಲ್ಕು ಪುಟದ ಭಾಷಣ ಬರೆದು ತಂದಿದ್ದರು. ಅದು ಸಲೂದ್ ಮನೆಯ ಪೆಟ್ಟಿಗೆಯಲ್ಲಿತ್ತು. ಗಂಟಲು ಸರಿಮಾಡಿಕೊಂಡು, “ಮಾನ್ಯರೇ, ಇಂದಿಗೆ ನಲವತ್ತೊಂದು ವರ್ಷಗಳ ಹಿಂದೆ...” ಎಂದು ಶುರು ಮಾಡಿದರು.

“ಬೇಗ ಮುಗಿಸಿ ಸ್ವಾಮಿ!” ಡಾನ್ ರಾಮಿರೋ ಕಾಲು ಬಡಿದರು. “ಹಿಂದೆ ಇನ್ನೂ ಎರಡು ಪಲ್ಲಕ್ಕಿ ನಿಂತಿದಾವೆ!”

“ಕೊಟ್ಟೆ!”

ಬೀದಿ ಸಿಡಿದಂತೆ ಚಪ್ಪಾಳೆ ಬಿತ್ತು. ಎರ್ಮಿನಿಯಾ ಅಳುತ್ತಲೇ ನಕ್ಕಳು. ವಿಸಿತಾ ಮಾತ್ರ, “ಆ ಪಟ್ಟಿ ಬಿಗಿಯಾಗಿದೆಯಾ ನೋಡ್ಕೊಳ್ಳಿ!” ಎಂದು ಕೂಗಿದಳು.

“ಇನ್ನು ಮೇಲೆ ಬನ್ನಿ ಬೀಗರೇ,” ಎಂದರು ಮುದುಕಿ. “ಜೇನಲ್ಲಿ ಅದ್ದಿದ ಬ್ರೆಡ್ಡು ಮಾಡಿಟ್ಟಿದೀನಿ.”

ಅಷ್ಟರಲ್ಲಿ ಹೊಟ್ಟೆ ತಹಬಂದಿಗೆ ಬಂದ ಸೆರಾಫಿನ್, ಪಲ್ಲಕ್ಕಿಯ ಹಿಂದೆಯೇ ಬಂದವನು, ತನ್ನ ಜಾಗಕ್ಕೆ ಸಿದ್ಧನಾಗಿ ನಿಂತಿದ್ದ. ಡಾನ್ ಬೆರ್ನಾಬೆ ಇನ್ನೇನು ಹೊರಗೆ ಕಾಲಿ‌ಡಬೇಕು, ಅವರ ಕೈ ಸೊಂಟಪಟ್ಟಿಗೆ ತಾಗಿತು. ಅಲ್ಲೇ ನಿಂತರು.

“ಕ್ಷಮಿಸಿ ಅಮ್ಮಾ. ಚರ್ಚು ಮುಟ್ಟೋವರೆಗೂ ಇದನ್ನ ತೆಗೀಬಾರ್ದಂತೆ. ಒಂದು ಮಂಡಿ ಇದೆ, ಒಂದು ಪರೀಕ್ಷೆ ಇದೆ, ಒಂದು ಗಿಣಿ ಇದೆ. ಅರ್ಜಿ ತಗೊಂಡ ಮೇಲೆ ಮಧ್ಯದಲ್ಲಿ ಬಿಟ್ಟು ಹೋಗೋಕಾಗಲ್ಲ. ನಾನು ಕಚೇರಿ ಮನುಷ್ಯ.”

ಯಾರೂ ನಗಲಿಲ್ಲ. ಡೋನ್ಯಾ ಅಂಗುಸ್ತಿಯಾಸ್ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ, ಆಕೆ ಬೇಕಾದರೆ ಧೂಪದ ಹೊಗೆ ಎನ್ನಲಿ.

“ಹೋಗ್ಬನ್ನಿ,” ಎಂದರು. “ತಟ್ಟೆ ಮುಚ್ಚಿಟ್ಟಿರ್ತೀನಿ. ಮೂವತ್ತು ವರ್ಷ ಮುಚ್ಚಿಟ್ಟು ಅಭ್ಯಾಸ ಇದೆ ನಂಗೆ.”

ಡಾನ್ ಬೆರ್ನಾಬೆ ಮತ್ತೆ ಒಳಗೆ ನುಗ್ಗಿದರು. ಡಾನ್ ರಾಮಿರೋ ಎಲ್ಲರನ್ನೂ ಒಮ್ಮೆ ನೋಡಿ, ಎಂದಿಗಿಂತ ಜೋರಾಗಿ ಕೂಗಿದರು. “ಹುಡುಗ್ರಾ! ಈ ಸಲ ಎತ್ತೋದು ನಮ್ಮ ಬೀಗರ ಹೆಸರಲ್ಲಿ!” ಸುತ್ತಿಗೆ ಬಿತ್ತು. ಪಲ್ಲಕ್ಕಿ ಮೇಲೆದ್ದು, ತನ್ನ ಹೊಸ ಕುಲುಕಿನೊಂದಿಗೆ ಹೊರಟಿತು.

“ಇಸಿದೋರೋ!” ಬಾಲ್ಕನಿಯಿಂದ ಮುದುಕಿ ನನ್ನನ್ನು ಕರೆದರು. “ಆ ಬಾತುಕೋಳೀನ ಹುಷಾರಾಗಿ ಮನೆಗೆ ಕರ್ಕೊಂಡು ಬಾ.”

ಬೀದಿಯ ಕೊನೆ ಬಂತು. ಪರದೆಯೊಳಗಿನಿಂದ ಏದುಸಿರಿನಲ್ಲಿ, ಆದರೂ ತುಂಬು ಭರವಸೆಯಿಂದ, ಅದೇ ಧ್ವನಿ: “ಇಲ್ಲಿಂದ ಎಡಕ್ಕೆ! ನಂಗೊತ್ತು!”

ನಾವು ಬಲಕ್ಕೆ ತಿರುಗಿದೆವು.